ಕಿವಿಯ ಯಂತ್ರದ ಬಿಲ್ಲೆ ಮಗುವಿನ ಕೈಗೆ ಸಿಗದಿರಲಿ

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸುತ್ತಿನ ಒಕ್ಕಲು ಮನೆಗಳಲ್ಲಿ ಕಿವಿ ಮಂದವಾದ ಹಿರಿಯರಿಗೆ ಶ್ರವಣಯಂತ್ರ ಈಗ ಹೊಸದೇನಲ್ಲ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಅರ್ಹರಿಗೆ ಅದು ಉಚಿತವಾಗಿಯೂ ದೊರೆಯುತ್ತದೆ. ಸಿಕಂದರಾಬಾದಿನಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಯಂತ್ರವನ್ನು ಹಾಕಿಕೊಳ್ಳುವ ರೀತಿಯನ್ನು ಹಿರಿಯರಿಗೆ ಅಲ್ಲಿಯೇ ತಿಳಿಸುತ್ತಾರೆ. ಅದರೊಳಗಿನ ಪುಟ್ಟ ಬ್ಯಾಟರಿ ಬಿಲ್ಲೆಯ ವಿಷಯ ಮಾತ್ರ ಮನೆಯ ಎಲ್ಲರಿಗೂ ತಿಳಿದಿರಬೇಕು.

ಕಿವಿಯ ಹಿಂದೆ ಧರಿಸುವ ಯಂತ್ರಗಳಲ್ಲಿ ಹೆಚ್ಚಾಗಿ ಸತು ಮತ್ತು ಗಾಳಿಯಿಂದ ನಡೆಯುವ ಬಿಲ್ಲೆ ಇರುತ್ತದೆ. ಅಳತೆ ಗುರುತಿಸಲು ಬಣ್ಣದ ಪಟ್ಟಿ ಅಂಟಿಸಿರುತ್ತಾರೆ: 13ಕ್ಕೆ ಕಿತ್ತಳೆ, 675ಕ್ಕೆ ನೀಲಿ, 312ಕ್ಕೆ ಕಂದು, 10ಕ್ಕೆ ಹಳದಿ. ಪಟ್ಟಿ ಕಿತ್ತೊಡನೆ ಸಣ್ಣ ರಂಧ್ರಗಳಿಂದ ಗಾಳಿ ಒಳಹೊಕ್ಕು ಬಿಲ್ಲೆ ಕೆಲಸ ಆರಂಭಿಸುತ್ತದೆ. ಮತ್ತೆ ಅಂಟಿಸಿದರೂ ಅದು ನಿಲ್ಲದು. ಆದ್ದರಿಂದ ಬೇಕಾದಾಗ ಮಾತ್ರ ಪಟ್ಟಿ ಕಿತ್ತು, ಒಂದೆರಡು ನಿಮಿಷ ಗಾಳಿಗೆ ಬಿಟ್ಟು, ಆಮೇಲೆ ಯಂತ್ರಕ್ಕೆ ಹಾಕಿರಿ.

ಅಪಾಯವಿರುವುದು ಒದ್ದೆ ಜಾಗದಲ್ಲಿ. ಬಿಲ್ಲೆ ಮೂಗು, ಕಿವಿ ಅಥವಾ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದಲ್ಲಿ ವಿದ್ಯುತ್ತು ಹರಿದು ಕಾಸ್ಟಿಕ್ ಸೋಡಾದಂತಹ ಕ್ಷಾರ ಹುಟ್ಟುತ್ತದೆ. ಅದು ಮಾಂಸವನ್ನು ಸುಡುತ್ತದೆ. ಆಟಿಕೆ ಮತ್ತು ಟೀವಿ ರಿಮೋಟಿನಲ್ಲಿರುವ ದೊಡ್ಡ ಲಿಥಿಯಂ ಬಿಲ್ಲೆ ಇನ್ನೂ ಕೆಟ್ಟದ್ದು, ಎರಡೇ ಗಂಟೆಯಲ್ಲಿ ಅನ್ನನಾಳಕ್ಕೆ ತೀವ್ರ ಗಾಯ ಮಾಡಬಲ್ಲದು. ಮಕ್ಕಳಷ್ಟೇ ಅಲ್ಲ, ಕಣ್ಣು ಮಂಜಾದ ಹಿರಿಯರೂ ಬಿಲ್ಲೆಯನ್ನು ಬಿ.ಪಿ. ಮಾತ್ರೆಯೆಂದು ನುಂಗಿದ್ದುಂಟು. ಮಾತ್ರೆಯ ಡಬ್ಬಿಯಲ್ಲಿ ಬಿಲ್ಲೆಯನ್ನು ಎಂದೂ ಇಡಬೇಡಿರಿ.

ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸದೆ, ಊಟ ಕೊಡದೆ, 108ಕ್ಕೆ ಕರೆ ಮಾಡಿ ಎಕ್ಸ್-ರೇ ಇರುವ ಆಸ್ಪತ್ರೆಗೆ ಹೊರಡಿರಿ. ಮಕ್ತಲ್ ಕಡೆಯವರಿಗೆ ರಾಯಚೂರು, ಗದ್ವಾಲಿನವರಿಗೆ ಕರ್ನೂಲು, ನಾರಾಯಣಪೇಟೆಯವರಿಗೆ ಮಹಬೂಬನಗರ ಅನುಕೂಲ. ನುಂಗಿ 12 ಗಂಟೆ ದಾಟಿರದೆ, ಒಂದು ವರ್ಷ ಮೀರಿದ ಮಗು ಸರಾಗವಾಗಿ ನುಂಗಬಲ್ಲದಾದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನುತುಪ್ಪ ಕೊಡಬಹುದು, ಒಟ್ಟು ಆರು ಸಲಕ್ಕಿಂತ ಹೆಚ್ಚಲ್ಲ. ಜೇನು ಹುಡುಕುತ್ತ ಹೊತ್ತು ಕಳೆಯಬಾರದು. ಕಿವಿಯಲ್ಲಿ ಬಿಲ್ಲೆ ಸಿಕ್ಕಿದ್ದರೆ ಎಣ್ಣೆ, ಔಷಧಿಯ ಹನಿ ಯಾವುದೂ ಬೇಡ. ನಮ್ಮಲ್ಲಿ ಕಿವಿಗೆ ಎಣ್ಣೆ ಬಿಡುವ ಅಭ್ಯಾಸ ಜಾಸ್ತಿ, ಅದಕ್ಕೇ ಹೇಳುವುದು. ಮೂಗಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ನೀರು ಸುರಿಯುತ್ತಿದ್ದರೂ ಡಾಕ್ಟರಿಗೆ ತೋರಿಸಿರಿ.

ಚಿಕ್ಕ ಮಕ್ಕಳ ಯಂತ್ರಕ್ಕೆ ಬೀಗವಿರುವ ಬ್ಯಾಟರಿ ಬಾಗಿಲು ಸಿಗುತ್ತದೆ, ಕೇಳಿ ಹಾಕಿಸಿಕೊಳ್ಳಿರಿ.

ಇನ್ನು ಹೊಲದ ಮಾತು. ಹತ್ತಿಗೆ ಔಷಧಿ ಹೊಡೆಯುವಾಗ ಯಂತ್ರವನ್ನು ತೆಗೆದು ಡಬ್ಬಿಯಲ್ಲಿಟ್ಟು, ಕೈ ತೊಳೆದ ಮೇಲೆಯೇ ಮುಟ್ಟಿರಿ. ರುಮಾಲು ಒತ್ತಿದರೆ ಅದು ಶಿಳ್ಳೆ ಹಾಕುತ್ತದೆ, ಕೆಟ್ಟಿತೆಂದು ಗಾಬರಿ ಬೇಡ. ರಾತ್ರಿ ಬೆವರು ಒರೆಸಿ ಬ್ಯಾಟರಿ ಬಾಗಿಲು ತೆರೆದಿಡಿರಿ. ಬಿಸಿಲಿಗೆ ಒಣಗಿಸುವುದೂ ಫ್ರಿಜ್ಜಿನಲ್ಲಿಡುವುದೂ ಸಲ್ಲದು. ಜೇಬಿನಲ್ಲಿ ಚಿಲ್ಲರೆ ಕಾಸಿನೊಡನೆ ಬಿಲ್ಲೆ ಹಾಕಿಕೊಂಡರೆ ಅದು ಬೇಗ ಸತ್ತು ಬಿಸಿಯೂ ಆಗಬಹುದು. ರಸ್ತೆ ದಾಟುವ ಹಿರಿಯರ ಬಳಿ ಹೊಸ ಬಿಲ್ಲೆಯೊಂದು ಪೊಟ್ಟಣ ಸಮೇತ ಇರಲಿ. ಹಳೆಯದು ನಡುದಾರಿಯಲ್ಲಿ ಮುಗಿದರೆ ಹಿಂದಿನ ಟ್ರ್ಯಾಕ್ಟರು ಕೇಳಿಸದು.

ಸತ್ತ ಬಿಲ್ಲೆಯಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಅದನ್ನು ತಿಪ್ಪೆಗೆ, ಒಲೆಗೆ ಎಸೆಯದೆ ಟೇಪು ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎತ್ತರದಲ್ಲಿಡಿರಿ. ಮುಂದಿನ ಸಲ ಬಿಲ್ಲೆ ಕೊಳ್ಳುವಾಗ ಅಂಗಡಿಯವರಿಗೆ ಹಿಂದಿರುಗಿಸಿರಿ. 2022ರ ನಿಯಮದಂತೆ ಬಳಸಿದ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದು.