ಗ್ರಾಫಿಕ್ಸ್ ಕಾರ್ಡಿನ ಗದ್ದಲಕ್ಕೆ ದೊಡ್ಡ ಫ್ಯಾನಿನ ಮದ್ದು

2003ರಲ್ಲಿ ಎನ್‌ವಿಡಿಯಾದ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಮಾರುಕಟ್ಟೆಗೆ ಬಂದಾಗ ಅದರ ವೇಗಕ್ಕಿಂತ ಸದ್ದೇ ಹೆಚ್ಚು ಹೆಸರು ಮಾಡಿತು. ಕಂಪ್ಯೂಟರ್ ಹುಚ್ಚಿನವರು ಅದಕ್ಕೆ ‘ಡಸ್ಟ್‌ಬಸ್ಟರ್’ ಎಂದು ಅಡ್ಡಹೆಸರಿಟ್ಟರು. ಅಮೆರಿಕದ ಮನೆಗಳಲ್ಲಿ ಕೈಯಲ್ಲಿ ಹಿಡಿದು ಧೂಳು ಹೀರಿಸುವ ಪುಟ್ಟ ವ್ಯಾಕ್ಯೂಮ್ ಕ್ಲೀನರಿನ ಹೆಸರದು. ಕೊನೆಗೆ ಕಂಪನಿಯವರೇ ಆ ಕಾರ್ಡಿನಿಂದ ಅಂಗಳದ ತರಗೆಲೆ ಊದುವ ವಿಡಿಯೊ ಮಾಡಿ ತಮ್ಮನ್ನು ತಾವೇ ಗೇಲಿ ಮಾಡಿಕೊಂಡರು. ದುಡ್ಡು ಸುರಿದು ಕಾರ್ಡ್ ಕೊಂಡವರಿಗೆ ಅಷ್ಟೇನೂ ನಗು ಬಂದಿರಲಿಕ್ಕಿಲ್ಲ.

ಇಷ್ಟು ಸದ್ದು ಏಕೆ? ಕಾರ್ಡ್ ಎಳೆದುಕೊಳ್ಳುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು, ಅದನ್ನು ಹೊರಹಾಕಲು ಸಿಗುವ ಜಾಗವೋ ಬಲು ಇಕ್ಕಟ್ಟು. ಹಾಗಾಗಿ ತಯಾರಕರು ಚಿಕ್ಕ, ತೆಳು ಫ್ಯಾನ್ ಕೂರಿಸಿ ಬಿರುಸಾಗಿ ತಿರುಗಿಸುತ್ತಾರೆ. 2013ರಲ್ಲಿ ಬಂದ ಎಎಂಡಿಯ ರೇಡಿಯಾನ್ ಆರ್9 290ಎಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೂಲ ಮಾದರಿಯಲ್ಲಿ ಇದ್ದದ್ದು ಒಂದೇ ಬ್ಲೋವರ್. ಚಿಪ್ 95 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಲು ಕಂಪನಿಯೇ ಬಿಟ್ಟಿತ್ತು, ಆದರೂ ಆಟ ಶುರುವಾದರೆ ಫ್ಯಾನಿನ ಭರಾಟೆ ತಪ್ಪುತ್ತಿರಲಿಲ್ಲ.

ಇಲ್ಲಿ ಭೌತಶಾಸ್ತ್ರ ಬಳಕೆದಾರರ ಕಡೆಗಿದೆ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಅದು ತಳ್ಳುವ ಗಾಳಿಯೂ ಸುಮಾರು ಅರ್ಧವಾಗುತ್ತದೆ. ಸದ್ದು ಮಾತ್ರ ಹೆಚ್ಚುಕಡಿಮೆ 15 ಡೆಸಿಬೆಲ್ ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೇ ಸದ್ದು ಅರ್ಧವಾದಂತೆ ನಮ್ಮ ಕಿವಿಗೆ ಅನ್ನಿಸುವಾಗ, ಇದು ಸಣ್ಣ ಲಾಭವಲ್ಲ. ಕಳೆದುಕೊಂಡ ಗಾಳಿಯನ್ನು ರೆಕ್ಕೆಯ ಅಗಲದಿಂದ ತುಂಬಿಕೊಳ್ಳಬಹುದು. ಮೇಜಿನ ಮೇಲಿನ ಪುಟ್ಟ ಫ್ಯಾನ್ ಗುಂಯ್‌ಗುಡುತ್ತಿದ್ದರೂ ಛಾವಣಿಯ ಫ್ಯಾನ್ ಸುಮ್ಮನೆ ಕೋಣೆಗೆಲ್ಲ ಗಾಳಿ ಹಾಕುವುದಿಲ್ಲವೆ, ಹಾಗೆ.

ಈ ಲೆಕ್ಕವನ್ನು ನಂಬಿಯೇ ಒಂದು ಪುಟ್ಟ ಉದ್ಯಮ ಬೆಳೆಯಿತು. ದಕ್ಷಿಣ ಕೊರಿಯಾದ ಝಾಲ್ಮನ್ ಕಂಪನಿ ಕಾರ್ಡಿನ ಹಿಂದೊಂದು ಮುಂದೊಂದು ಅಗಲ ಲೋಹದ ಫಲಕ ಇಟ್ಟು, ಎರಡನ್ನೂ ಬಿಸಿ ಸಾಗಿಸುವ ಹೀಟ್‌ಪೈಪಿನಿಂದ ಬೆಸೆದು, ಫ್ಯಾನನ್ನೇ ಕೈಬಿಟ್ಟ ಕೂಲರ್ ಮಾಡಿತು. ಸ್ವಿಟ್ಜರ್ಲೆಂಡಿನ ಆರ್ಕ್ಟಿಕ್ ಕೂಲಿಂಗ್ ತನ್ನ ‘ವಿಜಿಎ ಸೈಲೆನ್ಸರ್’ನಲ್ಲಿ ಬಿಸಿಗಾಳಿಯನ್ನು ಕ್ಯಾಬಿನೆಟ್ಟಿನ ಹಿಂಬದಿಯಿಂದ ನೇರ ಹೊರಗೆ ಅಟ್ಟಿತು. ಮುಂದೆ ಬಂದ ರೈಜಿನ್‌ಟೆಕ್‌ನ ‘ಮಾರ್ಫಿಯಸ್’ನಲ್ಲಿ ಹನ್ನೆರಡು ಹೀಟ್‌ಪೈಪುಗಳಿದ್ದವು. ಎರಡು 120 ಮಿಲಿಮೀಟರ್ ಫ್ಯಾನುಗಳನ್ನು ಕೊಳ್ಳುವವರೇ ಆರಿಸಿ ಅದಕ್ಕೆ ಕಟ್ಟಿಕೊಳ್ಳಬೇಕಿತ್ತು.

ಆದರೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಸದ್ದು ಯಾವುದೆಂದು ಕಿವಿಗೊಟ್ಟು ಕೇಳುವುದು ಒಳಿತು. ಗಾಳಿಯ ಭೋರೆನ್ನುವ ಸದ್ದಾದರೆ ಧೂಳು ತೆಗೆದು, ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶದಲ್ಲಿ ಫ್ಯಾನಿನ ವೇಗ ತಗ್ಗಿಸಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಗರಗರ, ಕಟಕಟ ಎಂದರೆ ಬೇರಿಂಗ್ ಸವೆದಿದೆ. ಫ್ಯಾನಿನ ಬೆನ್ನ ಮೇಲಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆ ನೋಡಿ ಅದೇ ಫ್ಯಾನ್ ತರಿಸಿದರೆ ಸಾಕು. ಕೀಂ ಎಂಬ ಸಣ್ಣ ಸ್ವರ ಬಂದರೆ ಅದು ಕಾರ್ಡಿನ ಮೇಲಿನ ಕಾಯಿಲ್‌ಗಳ ಕಂಪನ. ಅದಕ್ಕೆ ಎಷ್ಟು ದುಬಾರಿ ಫ್ಯಾನ್ ಹಾಕಿದರೂ ಪ್ರಯೋಜನವಿಲ್ಲ. ಸುತ್ತಲಿನ ಗದ್ದಲ ತಗ್ಗಿದ ಮೇಲೆ ಅದು ಇನ್ನೂ ಸ್ಪಷ್ಟವಾಗಿ ಕೇಳಿಸಲೂಬಹುದು!

ಪೂರ್ತಿ ಕೂಲರ್ ಬದಲಿಸುವುದು ನಾಜೂಕಿನ ಕೆಲಸ. ಹಳೆಯ ಥರ್ಮಲ್ ಪೇಸ್ಟ್ ಒಣಗಿ ಗಟ್ಟಿಯಾಗಿ, ಬಿಸಿ ಹೀರುವ ಲೋಹದ ಹೀಟ್‌ಸಿಂಕನ್ನು ಚಿಪ್ಪಿಗೆ ಅಂಟಿಸಿಬಿಟ್ಟಿರುತ್ತದೆ. ಎಳೆಯಬಾರದು, ಅತ್ತಿತ್ತ ಮೆಲ್ಲಗೆ ತಿರುಚಿ ಬಿಡಿಸಬೇಕು. ಕಾರ್ಡ್ ಸ್ವಲ್ಪ ಹೊತ್ತು ಓಡಿ ಬೆಚ್ಚಗಾಗಿದ್ದರೆ ಸಲೀಸು. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಚಿಪ್ ಒರೆಸಿ ಹೊಸ ಪೇಸ್ಟ್ ಹಚ್ಚಬೇಕು. ಮೆಮೊರಿ ಚಿಪ್ಪುಗಳ ಮೇಲಿನ ಮೆತ್ತನೆಯ ಥರ್ಮಲ್ ಪ್ಯಾಡುಗಳಲ್ಲೇ ಹೆಚ್ಚಿನವರು ಎಡವುವುದು. ದಪ್ಪ ಅರ್ಧ ಮಿಲಿಮೀಟರ್ ಹೆಚ್ಚಾದರೂ ಹೀಟ್‌ಸಿಂಕ್ ಮುಖ್ಯ ಚಿಪ್ಪಿನ ಮೇಲೆ ಸರಿಯಾಗಿ ಕೂರದು.

ಇಷ್ಟು ರಗಳೆ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ, ಅದೇ ಹೆಚ್ಚು ಜಾಣತನದ್ದು ಎನ್ನಬೇಕು. ಮೂಲ ಹೀಟ್‌ಸಿಂಕನ್ನು ಮುಟ್ಟದೆ, ಅದರ ಪ್ಲಾಸ್ಟಿಕ್ ಕವಚ ಮತ್ತು ಚಿಕ್ಕ ಫ್ಯಾನುಗಳನ್ನಷ್ಟೇ ಬಿಚ್ಚಿ, ಕ್ಯಾಬಿನೆಟ್ಟಿಗೆ ಹಾಕುವ ಎರಡು 120 ಮಿಲಿಮೀಟರ್ ಫ್ಯಾನುಗಳನ್ನು ಕೇಬಲ್ ಟೈಯಿಂದ ಬಿಗಿಯುವುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಫ್ಯಾನಿಗೆ ಬರವಿಲ್ಲ. ಕಾರ್ಡಿನ ಮೇಲಿನ ನಾಲ್ಕು ಪಿನ್ನಿನ ಸಾಕೆಟ್ ತೀರ ಚಿಕ್ಕದಾದ್ದರಿಂದ ಅಡಾಪ್ಟರ್ ತಂತಿ ಬೇಕು. ಅದಿಲ್ಲದೆ ಮದರ್‌ಬೋರ್ಡಿಗೆ ಸಿಕ್ಕಿಸಿದರೆ ಫ್ಯಾನ್ ಸಾಮಾನ್ಯವಾಗಿ ಪ್ರೊಸೆಸರಿನ ಬಿಸಿ ನೋಡಿ ತಿರುಗುತ್ತದೆ. ಪಕ್ಕದ ಗ್ರಾಫಿಕ್ಸ್ ಚಿಪ್ ಕುದಿಯುತ್ತಿದ್ದರೂ ಅದಕ್ಕೆ ಗೊತ್ತಾಗದು. ವಾರಂಟಿ ಇನ್ನೂ ಇದ್ದರೆ ಅದರ ಷರತ್ತುಗಳನ್ನು ಓದಿಯೇ ಬಿಚ್ಚಬೇಕು.

ಹವ್ಯಾಸಿಗಳ ಈ ಕೈಚಳಕವನ್ನು ಕೊನೆಗೆ ತಯಾರಕರೂ ಒಪ್ಪಿಕೊಂಡರು. 2021ರಲ್ಲಿ ಆಸೂಸ್ ಕಂಪನಿ ಆಸ್ಟ್ರಿಯಾದ ನಾಕ್ಟುವಾ ಜೊತೆ ಸೇರಿ ಆರ್‌ಟಿಎಕ್ಸ್ 3070 ಕಾರ್ಡಿಗೆ ಎರಡು 120 ಮಿಲಿಮೀಟರ್ ಫ್ಯಾನುಗಳನ್ನು ಕಾರ್ಖಾನೆಯಲ್ಲೇ ಕೂರಿಸಿತು. ನಾಕ್ಟುವಾದ ಆ ಕಂದು ಬಣ್ಣದ ಫ್ಯಾನಿನಲ್ಲಿ ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವೆ ಬರೀ ಅರ್ಧ ಮಿಲಿಮೀಟರ್ ಸಂದು. ಸದ್ದು ತಗ್ಗಿತು, ಆದರೆ ಕಾರ್ಡ್ ನಾಲ್ಕು ಸ್ಲಾಟಿಗೂ ಮೀರಿ ದಪ್ಪವಾಯಿತು. ಕ್ಯಾಬಿನೆಟ್ ಚಿಕ್ಕದಿರುವವರು ಇಂಥ ಕಾರ್ಡಿಗೂ, ಮನೆಯಲ್ಲೇ ಕಟ್ಟುವ ಜೋಡಿ ಫ್ಯಾನಿಗೂ ಮೊದಲೇ ಅಳತೆಪಟ್ಟಿ ಹಿಡಿದು ನೋಡಬೇಕು.