ರೋಗಾಣು ಇಲ್ಲದೆಡೆಯೂ ಆರದ ಉರಿ

ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಿಪ್ಪುನೇರಳೆ ತೋಟಕ್ಕೆ ಗೊಬ್ಬರ ಹೊಡೆಯಲು ತಿಪ್ಪೆ ಕೆದಕಿದಾಗ ಧೂಳಿನ ಜೊತೆ ಬೂಷ್ಟಿನ ಕಣಗಳೂ ಏಳುತ್ತವೆ. ಆಸ್ಪರ್ಜಿಲಸ್ ಎಂಬ ಬೂಷ್ಟನ್ನು ನಾವೆಲ್ಲ ದಿನವೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಆದರೆ ಕ್ರಾನಿಕ್ ಗ್ರಾನ್ಯುಲೊಮ್ಯಾಟಸ್ ಡಿಸೀಸ್, ಅಂದರೆ ಸಿಜಿಡಿ ಇರುವ ಮಗುವಿಗೆ ತಿಪ್ಪೆಯ ಬಳಿಯ ಒಂದು ಮಧ್ಯಾಹ್ನವೇ ಮಾರಕ ನ್ಯುಮೋನಿಯಾ ತರಬಲ್ಲದು.

ರಕ್ತದ ನ್ಯೂಟ್ರೋಫಿಲ್ ಕಣ ರೋಗಾಣುವನ್ನು ನುಂಗಿದೊಡನೆ, ಅದುವರೆಗೆ ಬಿಡಿಬಿಡಿಯಾಗಿದ್ದ ಪ್ರೋಟೀನುಗಳು ಪೊರೆಯ ಬಳಿ ಸೇರಿ ಒಂದು ಯಂತ್ರವಾಗುತ್ತವೆ. ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಈ ಯಂತ್ರ ಆಮ್ಲಜನಕಕ್ಕೆ ಎಲೆಕ್ಟ್ರಾನು ದಾಟಿಸಿ ಸೂಪರ್‌ಆಕ್ಸೈಡ್ ತಯಾರಿಸುತ್ತದೆ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ರೋಗಾಣುವನ್ನು ಕೊಲ್ಲಲು ನೆರವಾಗುವ ಆಯುಧಗಳು ಇವು. ಸಿಜಿಡಿಯಲ್ಲಿ ಯಂತ್ರದ ಯಾವುದೋ ಒಂದು ಭಾಗದ ಜೀನು ಕೆಟ್ಟಿರುವುದರಿಂದ ಈ ಆಯುಧಗಳು ಸರಿಯಾಗಿ ತಯಾರಾಗುವುದಿಲ್ಲ. ಹೆಚ್ಚಿನ ಸಲ ಆ ಜೀನು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಕಾಯಿಲೆ ಗಂಡುಮಕ್ಕಳಿಗೆ ಬರುತ್ತದೆ. ಉಳಿದ ಬಗೆಗಳಿಗೆ ತಂದೆತಾಯಿ ಇಬ್ಬರಿಂದಲೂ ದೋಷ ಬರಬೇಕು. ಸೋದರಮಾವ, ಅತ್ತೆಮಗಳ ಮದುವೆಗಳು ಇನ್ನೂ ನಡೆಯುವ ನಮ್ಮ ಸೀಮೆಯಲ್ಲಿ ಇದನ್ನು ಮನೆಮನೆಯಲ್ಲಿ ಹೇಳಬೇಕು.

1950ರ ದಶಕದಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದವರು ಅದನ್ನು ಮಾರಕವೆಂದೇ ಕರೆದರು. ಆಯುಧವಿಲ್ಲದ ಕಣ ಸೋಲುತ್ತದೆ ಎಂಬುದು ಸುಲಭವಾಗಿ ಅರ್ಥವಾಗುವ ಮಾತು. ನನ್ನನ್ನು ಹಿಡಿದಿಟ್ಟದ್ದು ಬೇರೆ: ಇದೇ ಮಕ್ಕಳ ಕರುಳು, ಮೂತ್ರಕೋಶ, ಜಠರದ ಹೊರದಾರಿಯಲ್ಲಿ ಗಂಟುಗಳು ಕಟ್ಟುತ್ತವೆ, ಪರೀಕ್ಷಿಸಿದರೆ ಎಷ್ಟೋ ಸಲ ಒಂದು ರೋಗಾಣುವೂ ಸಿಗುವುದಿಲ್ಲ. ಹಾಗಾದರೆ ಉರಿಯೂತ ಯಾರ ವಿರುದ್ಧ?

ಆಮ್ಲಜನಕದಿಂದ ಯಂತ್ರ ತಯಾರಿಸುವ ಆ ಅಣುಗಳು ಆಯುಧವಷ್ಟೇ ಅಲ್ಲ, ಕದನ ನಿಲ್ಲಿಸುವ ಸಂಕೇತವೂ ಹೌದು. ಕೆಲಸ ಮುಗಿಸಿದ ನ್ಯೂಟ್ರೋಫಿಲ್ ತಾನೇ ಸಾಯಬೇಕು, ಮ್ಯಾಕ್ರೋಫೇಜ್ ಕಣಗಳು ಅದನ್ನು ನುಂಗಿ ಸ್ಥಳ ಶುಚಿ ಮಾಡಬೇಕು. ಸಂಕೇತವಿಲ್ಲದಿದ್ದರೆ ಈ ಸಾವು ತಡವಾಗುತ್ತದೆ, ಶವಗಳು ತೆರವಾಗದೆ ಉಳಿಯುತ್ತವೆ. ಜೀವಕೋಶವು ನುಂಗಿದ್ದನ್ನು ಅರಗಿಸಿಕೊಳ್ಳುವ ವ್ಯವಸ್ಥೆಯೂ ಕುಂಟುತ್ತದೆ. ಆಗ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಪ್ರೋಟೀನು ಮಿತಿಮೀರಿ ಹೊರಬಂದು ಇನ್ನಷ್ಟು ಕಣಗಳನ್ನು ಕರೆಸಿಕೊಳ್ಳುತ್ತದೆ. ಗಂಟು ಬೆಳೆಯುವುದು ಹೀಗೆ.

ವೈದ್ಯರ ಸಂಕಟ ಇಲ್ಲಿಂದ ಶುರು. ಸ್ಟೀರಾಯ್ಡ್ ಕೊಟ್ಟರೆ ಗಂಟು ಕರಗುತ್ತದೆ, ಸೋಂಕಿನ ಭಯ ಹೆಚ್ಚುತ್ತದೆ. ಟಿಎನ್‌ಎಫ್ ಎಂಬ ಮತ್ತೊಂದು ಉರಿಯೂತದ ಪ್ರೋಟೀನನ್ನು ತಡೆಯುವ ಔಷಧಗಳು ಕರುಳಿಗೆ ಹಿತವಾದರೂ ಪ್ರಾಣಕ್ಕೆ ಎರವಾದದ್ದುಂಟು. ಬ್ಯಾಕ್ಟೀರಿಯಾ ತಡೆಯುವ ಕೋಟ್ರೈಮಾಕ್ಸಜೋಲ್, ಬೂಷ್ಟು ತಡೆಯುವ ಇಟ್ರಾಕೊನಜೋಲ್ ನಿತ್ಯ ನುಂಗಿದರೆ ಸೋಂಕು ಬಹುಮಟ್ಟಿಗೆ ತಗ್ಗುತ್ತದೆ, ಉರಿಯೂತ ಅವಕ್ಕೆ ಬಗ್ಗುವುದಿಲ್ಲ.

ಬಿಸಿಜಿ ಲಸಿಕೆ ಹಾಕಿಸಿದ ಮೇಲೆ ಕಂಕುಳಲ್ಲಿ ಗಂಟೆದ್ದು ಸೋರುತ್ತಲೇ ಇದ್ದರೆ, ಚರ್ಮದಲ್ಲೋ ಯಕೃತ್ತಿನಲ್ಲೋ ಕೀವು ಮತ್ತೆ ಮತ್ತೆ ಕಟ್ಟಿದರೆ ಡಿಎಚ್‌ಆರ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ತುಸು ರಕ್ತ ಸಾಕು: ಯಂತ್ರ ಸರಿಯಿದ್ದರೆ ಕಣ ಹೊಳೆಯುತ್ತದೆ, ಕೆಟ್ಟಿದ್ದರೆ ಇಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯು, ಒಂದೇ ಚಿಕಿತ್ಸೆಯಿಂದ ವಾಸಿಯಾಗಬಲ್ಲ ಕಾಯಿಲೆಗಳ ಮೊದಲ ಗುಂಪಿನಲ್ಲಿ ಸಿಜಿಡಿಯನ್ನು ಸೇರಿಸಿದೆ. ಆ ಚಿಕಿತ್ಸೆ ಅಸ್ಥಿಮಜ್ಜೆಯ ಕಸಿ. ನೀತಿಯಡಿ ನಮಗೆ ಹತ್ತಿರದ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ.