ಬ್ಯಾಂಕಿನಲ್ಲಿಟ್ಟ ಹಣಕ್ಕೆ ಯಾರು ಹೊಣೆ?

ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಹಣವನ್ನು ಬ್ಯಾಂಕಿನಲ್ಲಿಟ್ಟವನು ನಿಶ್ಚಿಂತೆಯಿಂದ ನಿದ್ರಿಸಬಹುದೆಂಬುದು ಸಾಮಾನ್ಯ ನಂಬಿಕೆ. ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಬ್ಯಾಂಕೆಂಬುದು ಬರಿಯ ತಿಜೋರಿಯಲ್ಲ. ಒಬ್ಬರಿಂದ ಠೇವಣಿ ಪಡೆದು ಮತ್ತೊಬ್ಬರಿಗೆ ಸಾಲ ಕೊಡುವುದೇ ಅದರ ಕಸುಬು. ದೊಡ್ಡ ಸಾಲಗಾರರು ಕೈಯೆತ್ತಿದರೆ ಬ್ಯಾಂಕು ಕುಸಿಯುತ್ತದೆ. ಬ್ಯಾಂಕು ಕುಸಿದರೆ ಠೇವಣಿದಾರನ ಗತಿಯೇನು? ಬಡ್ಡಿ ಎಷ್ಟೆಂದು ವಿಚಾರಿಸುವವರು ನೂರಾರು ಮಂದಿ. ಈ ಪ್ರಶ್ನೆಯನ್ನು ಮುಂಚಿತವಾಗಿ ಕೇಳುವವರು ವಿರಳ.

ಇದು ಸರಕಾರವನ್ನು ಗಾಢವಾಗಿ ಕಾಡಿದ್ದು 1960ರಲ್ಲಿ. ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮತ್ತು ಮಹಾರಾಷ್ಟ್ರದ ಲಕ್ಷ್ಮೀ ಬ್ಯಾಂಕು ಆ ವರ್ಷ ಮುಳುಗಿದವು. ಮರುವರ್ಷವೇ ಸಂಸತ್ತು ಠೇವಣಿ ವಿಮಾ ಕಾಯಿದೆಯನ್ನು ಅಂಗೀಕರಿಸಿತು. 1962ರ ಜನವರಿ 1ರಿಂದ ವಿಮೆ ಜಾರಿಗೆ ಬಂದಿತು. ಆರಂಭದ ಮಿತಿ ಒಬ್ಬ ಠೇವಣಿದಾರನಿಗೆ 1,500 ರೂಪಾಯಿ. ಸಹಕಾರಿ ಬ್ಯಾಂಕುಗಳನ್ನು ಇದರ ವ್ಯಾಪ್ತಿಗೆ ತರುವ ತಿದ್ದುಪಡಿಯಾದದ್ದು 1968ರಲ್ಲಿ. ಮಿತಿಯು ಹಂತಹಂತವಾಗಿ ಏರಿ 1980ರಲ್ಲಿ 30,000 ರೂಪಾಯಿಗೂ, 1993ರಲ್ಲಿ ಒಂದು ಲಕ್ಷಕ್ಕೂ ತಲುಪಿತು. ಆ ಬಳಿಕ ಇಪ್ಪತ್ತಾರು ವರ್ಷಗಳಿಗೂ ಮಿಕ್ಕಿ ಅದು ಅಲುಗಾಡಲಿಲ್ಲ. ಅಷ್ಟರಲ್ಲಿ ರೂಪಾಯಿಯ ಬೆಲೆ ಎಲ್ಲಿಗೆ ಇಳಿದಿತ್ತೆಂಬುದನ್ನು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. 2020ರ ಫೆಬ್ರವರಿ 4ರಂದು ಮಿತಿಯನ್ನು ಐದು ಲಕ್ಷಕ್ಕೆ ಏರಿಸಲಾಯಿತು. ಈ ಹೊಣೆ ಹೊತ್ತಿರುವುದು ರಿಜರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ. ವಿಮೆಯ ಕಂತನ್ನು ತೆರುವುದು ಬ್ಯಾಂಕು; ಗ್ರಾಹಕನಿಂದ ಅದನ್ನು ವಸೂಲು ಮಾಡುವಂತಿಲ್ಲ.

ಐದು ಲಕ್ಷವೆಂಬ ಮಾತು ಸರಳವಾಗಿ ಕಂಡರೂ ಲೆಕ್ಕದಲ್ಲಿ ಅನೇಕರು ಎಡವುತ್ತಾರೆ. ಮೊದಲನೆಯದಾಗಿ, ಇದರಲ್ಲಿ ಅಸಲೂ ಬಡ್ಡಿಯೂ ಸೇರಿವೆ. 4,80,000 ರೂಪಾಯಿ ಅಸಲಿಗೆ 35,000 ರೂಪಾಯಿ ಬಡ್ಡಿ ಕೂಡಿದ್ದರೆ, ಐದು ಲಕ್ಷಕ್ಕೆ ಮೀರಿದ 15,000 ರೂಪಾಯಿ ವಿಮೆಯ ಹೊರಗೆ ಉಳಿಯುತ್ತದೆ. ಎರಡನೆಯದಾಗಿ, ಮಿತಿಯು ಪಾಸ್‌ಬುಕ್ಕಿಗೊಂದರಂತೆ ಅಲ್ಲ, ಬ್ಯಾಂಕಿಗೊಂದರಂತೆ. ಒಂದೇ ಬ್ಯಾಂಕಿನ ಮಾಟುಂಗಾ ಶಾಖೆಯಲ್ಲಿ ನಾಲ್ಕು ಲಕ್ಷ, ಮುಲುಂಡ್ ಶಾಖೆಯಲ್ಲಿ ನಾಲ್ಕು ಲಕ್ಷ ಇಟ್ಟು, ಎರಡೂ ಕ್ಷೇಮವೆಂದು ತಿಳಿಯುವುದು ತಪ್ಪು. ಒಬ್ಬನೇ ವ್ಯಕ್ತಿಯ ಉಳಿತಾಯ, ಚಾಲ್ತಿ, ಆವರ್ತಕ, ನಿಶ್ಚಿತ ಠೇವಣಿಗಳೆಲ್ಲ ಒಟ್ಟುಗೂಡುತ್ತವೆ. ಅದೇ ಹಣವನ್ನು ಎರಡು ಬೇರೆ ಬ್ಯಾಂಕುಗಳಲ್ಲಿ ಇಟ್ಟಿದ್ದರೆ ಪ್ರತಿಯೊಂದರಲ್ಲಿಯೂ ಪ್ರತ್ಯೇಕ ರಕ್ಷಣೆಯಿರುತ್ತಿತ್ತು.

ಜಂಟಿ ಖಾತೆಯದು ಸ್ವಲ್ಪ ಸೂಕ್ಷ್ಮ. ಗಂಡನ ಸ್ವಂತ ಖಾತೆಗೆ ಒಂದು ಮಿತಿ. ಗಂಡಹೆಂಡಿರ ಜಂಟಿ ಖಾತೆಗೆ ಇನ್ನೊಂದು. ಅಷ್ಟೇ ಅಲ್ಲ, ಪತ್ನಿಯ ಹೆಸರು ಮೊದಲಿರುವ ಖಾತೆಯನ್ನು ಪತಿಯ ಹೆಸರು ಮೊದಲಿರುವ ಖಾತೆಗಿಂತ ಭಿನ್ನವೆಂದೇ ನಿಗಮವು ಪರಿಗಣಿಸುತ್ತದೆ. ಆದರೆ ನಾಮನಿರ್ದೇಶನದಿಂದ ವಿಮೆ ಹೆಚ್ಚುವುದಿಲ್ಲ. ಠೇವಣಿದಾರನು ಅದೇ ಬ್ಯಾಂಕಿಗೆ ಸಾಲ ತೀರಿಸಬೇಕಿದ್ದರೆ ಅದನ್ನು ಕಳೆದುಕೊಂಡ ಮೇಲೆಯೇ ಉಳಿದ ಲೆಕ್ಕ.

ಹೊರನಾಡ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕನ್ನು ಹುಟ್ಟುಹಾಕಿದ, 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು ಮನೆಮನೆಗೆ ಒಯ್ದ ಕರಾವಳಿಯ ಜನ ಬ್ಯಾಂಕುದ್ಯಮವನ್ನು ಹೊಟ್ಟೆಪಾಡಿನೊಡನೆ ಮುಂಬಯಿಗೂ ತಂದರು. ಶ್ಯಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕು ಮುಂಬಯಿಯಲ್ಲಿ ಸ್ಥಾಪನೆಯಾದದ್ದೂ ಅದೇ 1906ರಲ್ಲಿ. ಸಹಕಾರಿ ಬ್ಯಾಂಕುಗಳ ಮೇಲಿನ ಅಭಿಮಾನಕ್ಕೆ ಹೀಗೆ ಕಾರಣವುಂಟು. ಆದರೆ ಅಭಿಮಾನ ಬೇರೆ, ಭದ್ರತೆ ಬೇರೆ. ‘ನಮ್ಮವರೇ ನಡೆಸುವ ಸಂಸ್ಥೆ’ ಎಂಬುದೊಂದೇ ಕಾರಣದಿಂದ ನಿವೃತ್ತಿಯ ಇಡುಗಂಟನ್ನೆಲ್ಲ ಒಂದೆಡೆ ಸುರಿಯುವುದು ವಿವೇಕವೆನಿಸದು.

2019ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಜರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಗ್ರಾಹಕನೊಬ್ಬ ಮೊದಲಿಗೆ ತೆಗೆಯಬಹುದಾಗಿದ್ದುದು ಕೇವಲ 1,000 ರೂಪಾಯಿ. ಮಿತಿಯನ್ನು ಆಮೇಲೆ ಹೆಚ್ಚಿಸಲಾಯಿತಾದರೂ, ಔಷಧಕ್ಕೆ, ಮಕ್ಕಳ ಶುಲ್ಕಕ್ಕೆ ಕೂಡಿಟ್ಟ ಹಣ ಕಣ್ಣೆದುರಿದ್ದೂ ಕೈಗೆಟುಕದಾಯಿತು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಗ್ರಾಹಕರಿಗೂ ಇಂತಹುದೇ ಸ್ಥಿತಿ ಒದಗಿತು. ವಿಮೆ ಇರಲಿಲ್ಲವೆ? ಇತ್ತು. ಆದರೆ ಆಗಿನ ನಿಯಮದಂತೆ ಬ್ಯಾಂಕಿನ ಪರವಾನಗಿ ರದ್ದಾಗಿ ಸಮಾಪನೆಗೆ ಹೋದರೆ, ಇಲ್ಲವೆ ಇನ್ನೊಂದರಲ್ಲಿ ವಿಲೀನವಾದರೆ ಮಾತ್ರ ನಿಗಮ ಹಣ ಕೊಡುತ್ತಿತ್ತು. ನಿರ್ಬಂಧದ ಸ್ಥಿತಿಯೋ ಬದುಕೂ ಅಲ್ಲ, ಸಾವೂ ಅಲ್ಲ.

ಈ ಕೊರತೆಯನ್ನು ನೀಗಲು 2021ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಅದರಂತೆ, ನಿರ್ಬಂಧ ಬಿದ್ದ ಬ್ಯಾಂಕು 45 ದಿನಗಳೊಳಗೆ ಠೇವಣಿದಾರರ ಪಟ್ಟಿ ಒಪ್ಪಿಸಬೇಕು. ನಿಗಮವು 30 ದಿನಗಳಲ್ಲಿ ಅದನ್ನು ಪರಿಶೀಲಿಸಿ, ಮುಂದಿನ 15 ದಿನಗಳಲ್ಲಿ ಹಣ ಪಾವತಿ ಮಾಡಬೇಕು. ಒಟ್ಟು 90 ದಿನ. ಬ್ಯಾಂಕಿನ ಪುನರ್ರಚನೆಯ ಯತ್ನ ನಡೆದಿದ್ದರೆ ಅವಧಿಯನ್ನು ಮತ್ತೆ 90 ದಿನಗಳವರೆಗೆ ವಿಸ್ತರಿಸಬಹುದು. ಠೇವಣಿದಾರನು ತನ್ನ ಒಪ್ಪಿಗೆಯನ್ನು ತಿಳಿಸಿರಬೇಕಾದ್ದರಿಂದ ಪತ್ರವ್ಯವಹಾರದಲ್ಲಿ ಉದಾಸೀನ ಸಲ್ಲದು. ಐದು ಲಕ್ಷಕ್ಕೆ ಮೀರಿದ ಹಣವು ಮಾತ್ರ ಬ್ಯಾಂಕಿನ ಆಸ್ತಿಪಾಸ್ತಿಗಳ ವಸೂಲಿಯನ್ನೋ ವಿಲೀನದ ಷರತ್ತುಗಳನ್ನೋ ಅವಲಂಬಿಸಿರುತ್ತದೆ. ಮೇಲೆ ಹೇಳಿದ ಮುಂಬಯಿಯ ಬ್ಯಾಂಕು 2022ರ ಜನವರಿಯಲ್ಲಿ ವಿಲೀನಗೊಂಡಾಗ ದೊಡ್ಡ ಠೇವಣಿಗಳ ಪಾವತಿಯನ್ನು ಹತ್ತು ವರ್ಷಗಳವರೆಗೆ ಹಂಚಲಾಯಿತು. ಎಪ್ಪತ್ತು ದಾಟಿದವರಿಗೆ ಹತ್ತು ವರ್ಷವೆಂದರೇನೆಂಬುದನ್ನು ಊಹಿಸಿಕೊಳ್ಳಬಹುದು.

ಇನ್ನು, ಹಣ ಸ್ವೀಕರಿಸುವ ಎಲ್ಲ ಸಂಸ್ಥೆಗಳೂ ಬ್ಯಾಂಕುಗಳಲ್ಲ. ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಪತ್ತಿನ ಸಂಸ್ಥೆಗಳು, ಖಾಸಗಿ ಹಣಕಾಸು ಕಂಪೆನಿಗಳು, ಚೀಟಿ ನಿಧಿಗಳು ಇವುಗಳಲ್ಲಿ ತೊಡಗಿಸಿದ ಹಣಕ್ಕೆ ಈ ವಿಮೆಯ ಸೋಂಕೂ ಇಲ್ಲ. ಒಂದೆರಡು ಶೇಕಡಾ ಹೆಚ್ಚಿನ ಬಡ್ಡಿಯನ್ನು ಅಲ್ಲಿ ಕೊಡುವುದಾದರೆ, ಅದು ಹೆಚ್ಚಿನ ಅಪಾಯದ ಬೆಲೆಯೆಂದೇ ತಿಳಿಯಬೇಕು. ಅಂಚೆ ಕಚೇರಿಯ ಉಳಿತಾಯಕ್ಕೂ ಈ ವಿಮೆ ಅನ್ವಯಿಸದು. ಆದರೆ ಅಲ್ಲಿ ಕೇಂದ್ರ ಸರಕಾರವೇ ನೇರ ಹೊಣೆ.

ಸಂಘಸಂಸ್ಥೆಗಳ ಪದಾಧಿಕಾರಿಗಳೂ ಇದನ್ನು ಗಮನಿಸುವುದೊಳಿತು. ನೂರಾರು ಸದಸ್ಯರು ಕೊಟ್ಟ ವಂತಿಗೆಯಿಂದ ಮೂವತ್ತು ಲಕ್ಷ ರೂಪಾಯಿಯ ಕಟ್ಟಡ ನಿಧಿ ಕೂಡಿದ್ದರೂ, ನೋಂದಾಯಿತ ಸಂಘವು ನಿಗಮದ ದೃಷ್ಟಿಯಲ್ಲಿ ಒಬ್ಬನೇ ಠೇವಣಿದಾರ. ನಿಧಿಯೆಲ್ಲ ಒಂದೇ ಬ್ಯಾಂಕಿನಲ್ಲಿದ್ದರೆ ಅದರಲ್ಲಿ ವಿಮೆಯಿರುವುದು ಐದು ಲಕ್ಷಕ್ಕೆ ಮಾತ್ರ. ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡನೆಯಾಗುವಾಗ, ಹಣ ಎಷ್ಟಿದೆ ಎಂಬುದರೊಡನೆ ಎಲ್ಲೆಲ್ಲಿದೆ ಎಂದೂ ಸದಸ್ಯರು ಕೇಳಬಹುದು.